ಕ್ಯೋಟೊದಲ್ಲಿ ಶಂಕ್ರವ್ವನ ಕೈನೇಸ

ಗಜೇಂದ್ರಗಡಕ್ಕೆ ತಿರುಗಿ ಬಂದ ಮೇಲೆ ಸಿಕ್ಕವರೆಲ್ಲ ಕೇಳುವುದು ಎರಡೇ ಮಾತು. ಜಪಾನದಾಗ ಏನು ತಿಂದ್ರಿ? ಏನು ನೋಡಿದ್ರಿ? ಮೊದಲನೆಯದಕ್ಕೆ ಉತ್ತರ ಸುಲಭ. ಹೆಂಡತಿ ಗಂಟು ಕಟ್ಟಿಕೊಂಡು ಬಂದಿದ್ದ ಕಟಕ ಸಜ್ಜಿ ರೊಟ್ಟಿಯನ್ನೇ ತಿಂದೆವು. ಎರಡನೆಯದಕ್ಕೆ ನಾನು ಕೊಡುವ ಉತ್ತರ ಕೇಳಿ ಜನ ನಗುತ್ತಾರೆ. ಅದನ್ನು ಕಡೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ನೀವೂ ನಕ್ಕು ಎದ್ದು ಹೋಗುತ್ತೀರಿ.

ಗಜೇಂದ್ರಗಡ, ಹೊರಡುವ ಮೊದಲು

ನಾನು ಕೈಮಗ್ಗದ ನೇಕಾರ. ನನ್ನ ಹೆಂಡತಿ ಶಂಕ್ರವ್ವ ರೋಣದ ಮಗಳು. ನಮ್ಮ ಸೀರೆಯ ಒಡಲಿಗೆ ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು, ಸೆರಗಿಗೆ ಬೇರೆಯೇ ಒಂದು ಹಾಸು. ಒಡಲಿನ ಎಳೆಯ ಕೊಂಡಿಯೊಳಗೆ ಸೆರಗಿನ ಎಳೆಯ ಕೊಂಡಿ ತೂರಿಸಿ, ಒಂದೊಂದಾಗಿ ಎಲ್ಲವನ್ನೂ ಸೇರಿಸಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಶಂಕ್ರವ್ವನದು. ಕೊಂಡಿ ಹಾಕಿದ ಮೇಲೂ ಸುಮ್ಮನೆ ಕೂಡುತ್ತಿರಲಿಲ್ಲ. ನನ್ನನ್ನು ಚಹಾಕ್ಕೆಂದು ಎಬ್ಬಿಸಿ, ನಾನು ತಿರುಗಿ ಬರುವಷ್ಟರಲ್ಲಿ ನನ್ನ ಜಾಗದಲ್ಲಿ ಕೂತು ನೇಯುತ್ತಿರುತ್ತಿದ್ದಳು. ನನಗಿಂತ ಚೆನ್ನಾಗಿಯೇ ನೇಯುತ್ತಿದ್ದಳು ಎಂದು ಓಣಿಯವರು ಹೇಳುತ್ತಾರೆ. ನಾನು ಒಪ್ಪಿಲ್ಲ.

ಕೆಲವು ವರ್ಷದ ಹಿಂದೆ ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಹುಬ್ಬಳ್ಳಿಯ ದೊಡ್ಡ ದವಾಖಾನೆಯವರು ಲಿಂಫೋಮಾ ಎಂದರು. ಮೈಕಾಯುವ ಬಿಳಿ ರಕ್ತಕಣಗಳಿಗೆ ಬರುವ ಕ್ಯಾನ್ಸರು. ಸಲೈನಿನಲ್ಲಿ ಔಷಧ ಬಿಟ್ಟರು, ಕೂದಲು ಹೋಯಿತು, ಗಂಟೂ ಹೋಯಿತು. ಆಮೇಲೆ ಕೂದಲಿಗಿಂತ ಮೊದಲು ಗಂಟೇ ತಿರುಗಿ ಬಂತು. ಆಗ ಇನ್ನೊಂದು ಪರೀಕ್ಷೆ ಮಾಡಿ ಒಂದು ಗುಳಿಗೆ ಕೊಟ್ಟರು, ಬೆಳಿಗ್ಗೆ ಒಂದು, ಸಂಜೆ ಒಂದು. ಗಂಟು ಕರಗಿತು. ಕೂದಲು ಬಂತು, ಬಣ್ಣ ಬಂತು, ನನ್ನನ್ನು ಬೈಯುವ ದನಿಯೂ ಮೊದಲಿನಂತೆ ಬಂತು. ಮಗ್ಗಕ್ಕೆ ಮಾತ್ರ ಅವಳು ಬರಲಿಲ್ಲ.

ಎರಡು ವರ್ಷ ಎಳೆ ಮುಟ್ಟಲಿಲ್ಲ. ಕೇಳಿದರೆ ಒಂದೇ ಮಾತು: "ಡಾಕ್ಟರ್ ಬ್ಯಾಡಂದಾರ." ವಿಶ್ರಾಂತಿ ಹೇಳಿರಬೇಕು ಅಂದುಕೊಂಡೆ. ಒಮ್ಮೆ ನಾನೇ ಡಾಕ್ಟರರನ್ನು "ಇಕಿ ಕೆಲಸ ಮಾಡಬಹುದೇನ್ರಿ?" ಎಂದು ಕೇಳಿದೆ. "ಆದಷ್ಟು ಮಾಡ್ಲಿ" ಎಂದರು. ಬಸ್ಸಿನಲ್ಲಿ ಶಂಕ್ರವ್ವ ತಿದ್ದಿದಳು: "ಅವ್ರು ಹೇಳಿದ್ದು ಅಡಿಗಿ ಕೆಲಸ." ಡಾಕ್ಟರರ ಕೋಣೆಯಲ್ಲಿ ಕೂಡುತ್ತಿದ್ದವಳು ಅವಳು, ಔಷಧದ ಪಾಳಿಯಲ್ಲಿ ನಿಲ್ಲುತ್ತಿದ್ದವನು ನಾನು. ಹಾಗಾಗಿ ಅವಳು ಹೇಳಿದ್ದೇ ಖರೇ. ಕೊಂಡಿಯನ್ನು ಪಕ್ಕದ ಮನೆಯವರಿಂದ ಹಾಕಿಸಿಕೊಂಡು ನೇಯುತ್ತಿದ್ದೆ. ಮನೆಯಲ್ಲಿ ಮಗ್ಗದ ಸದ್ದು ಅರ್ಧ ಆದ ಹಾಗೆ ಅನ್ನಿಸುತ್ತಿತ್ತು.

ಅಂಥ ಹೊತ್ತಿನಲ್ಲಿ ಜಪಾನದ ಕ್ಯೋಟೊ ಎಂಬ ಊರಿನಿಂದ ಕರೆ ಬಂತು. ಬೇರೆ ಬೇರೆ ದೇಶದ ಕೈಮಗ್ಗದವರು ಸೇರುವ ಮೇಳವಂತೆ. ಗಂಡ ಹೆಂಡತಿ ಇಬ್ಬರೂ ಬನ್ನಿ, ಒಡಲು ಸೆರಗು ಕೂಡಿಸುವುದನ್ನು ಎಲ್ಲರ ಎದುರಿಗೆ ಮಾಡಿ ತೋರಿಸಿ ಎಂದರು. ನನಗೆ ಕೊಂಡಿ ಹಾಕಲು ಬರುತ್ತದೆ, ಈಜು ಬಂದ ಹಾಗೆ. ಮುಳುಗುವುದಿಲ್ಲ, ಆದರೆ ದಾಟುವುದೂ ಇಲ್ಲ. ಆದರೂ ಒಪ್ಪಿಕೊಂಡೆ. ಪರದೇಶದ ಜನರ ಮುಂದೆ ನನ್ನ ಫಜೀತಿ ನೋಡಿಯಾದರೂ ಅವಳು ಎದ್ದು ಬಂದಾಳು ಎಂಬ ಆಸೆ. ಡಾಕ್ಟರರು ಹೋಗಿಬರಲಿ ಎಂದರು. ಶಂಕ್ರವ್ವ ಮೊದಲೇ ಮಾತು ಕಟ್ಟಿದಳು: "ಬರತೀನಿ. ಬಂದು ಸುಮ್ಮನ ಕುಂದ್ರತೀನಿ. ಮತ್ತೇನೂ ಹೇಳಬಾರದು."

ರೈಲು

ವಿಮಾನದ ಬಗ್ಗೆ ಹೇಳುವಂಥದ್ದು ಬಹಳ ಇಲ್ಲ. ಕೂತೆವು, ಕಾಲು ಬಾತವು, ಇಳಿದೆವು. ಆ ಗುಳಿಗೆಯಿಂದ ಶಂಕ್ರವ್ವನಿಗೆ ಕತ್ತಲಿನಿಂದ ಬೆಳಕಿಗೆ ಬಂದಾಗ ಕಣ್ಣಂಚಿನಲ್ಲಿ ಬೆಳಕಿನ ಗೆರೆ ಎಳೆದ ಹಾಗೆ ಕಾಣುತ್ತದೆ. ಕಿಟಕಿಯ ಮುಚ್ಚಳ ತೆಗೆದಾಗೆಲ್ಲ "ದೀಪಕ್ಕ ಬಾಲ ಬಂದಾವ ನೋಡ್ರಿ" ಎನ್ನುತ್ತಿದ್ದಳು. ಪಕ್ಕದ ಸೀಟಿನ ಬೆಂಗಳೂರಿನವರೊಬ್ಬರು ಗಾಬರಿಯಾಗಿ ರೆಕ್ಕೆಯ ಕಡೆ ನೋಡಿದರು.

ಇಳಿದ ಕಡೆ ನಮ್ಮನ್ನು ಕರೆದೊಯ್ಯಲು ವಿಜಯಾ ಬಂದಿದ್ದಳು. ನರಗುಂದದ ಹುಡುಗಿ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಕ್ಯಾನ್ಸರಿನ ಜೀವಕಣಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಮೇಳದವರು ಕನ್ನಡ ಬಲ್ಲವರನ್ನು ಊರೆಲ್ಲ ಹುಡುಕಿದಾಗ ಸಿಕ್ಕವಳು ಇವಳೊಬ್ಬಳೇ ಅಂತೆ. "ನೇಯ್ಗಿ ಬಗ್ಗೆ ನನಗೇನೂ ಗೊತ್ತಿಲ್ರಿ ಕಾಕಾ, ತಪ್ಪು ಹೇಳಿದ್ರ ತಿದ್ರಿ" ಎಂದಳು. ಜಪಾನಿ ಭಾಷೆಯಲ್ಲಿ ಅವಳು ತಪ್ಪು ಹೇಳಿದರೆ ನಾನು ತಿದ್ದುವುದು ಹೇಗೋ ದೇವರೇ ಬಲ್ಲ.

ಆ ದೇಶದ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ಡಬ್ಬಿ ತುಂಬ ಜನ, ಪೂಜೆಗೆ ಕೂತ ಹಾಗೆ ಕೂತಿರುತ್ತಾರೆ. ಫೋನು ಬಂದರೆ ಏನೋ ಅಪರಾಧ ಮಾಡಿದವರಂತೆ ಮುಚ್ಚಿಕೊಳ್ಳುತ್ತಾರೆ. ನನ್ನ ಹೆಂಡತಿಯೋ ರೋಣದವಳು. ರೋಣದವರಿಗೆ ಮೆಲ್ಲಗೆ ಮಾತಾಡುವುದೆಂದರೆ ಆಚೆ ಓಣಿಗೆ ಕೇಳದಷ್ಟು ಮೆಲ್ಲಗೆ. ವಿಜಯಾ ಕಿವಿಯಲ್ಲಿ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಳು. ಹೊಟ್ಟೆ ಹಸಿದಿತ್ತು, ಗಂಟು ಬಿಚ್ಚಿದಳು.

ಕಟಕ ರೊಟ್ಟಿ ಮುರಿಯುವ ಸದ್ದು ಎಷ್ಟು ದೊಡ್ಡದು ಎಂದು ನನಗೆ ಗೊತ್ತಾಗಿದ್ದೇ ಅಂದು. ನಮ್ಮ ಬಸ್ಸಿನಲ್ಲಿ ಅದು ಸದ್ದೇ ಅಲ್ಲ. ಅಲ್ಲಿ ಮೊದಲ ತುತ್ತಿಗೇ ಡಬ್ಬಿಯವರೆಲ್ಲ ತಲೆ ಎತ್ತಿದರು, ಎರಡನೆಯದಕ್ಕೆ ಮರ್ಯಾದೆಯಿಂದ ತಲೆ ತಗ್ಗಿಸಿದರು. ಎದುರಿಗೆ ಕೂತಿದ್ದ ಮುದುಕ ನಗು ತಡೆಯಲಾರದೆ ಕಿಟಕಿ ಕಡೆ ತಿರುಗಿದ. ಶಂಕ್ರವ್ವ ಒಂದು ತುಂಡಿಗೆ ಶೇಂಗಾ ಚಟ್ನಿ ಹಚ್ಚಿ ಅವನ ಕೈಯಲ್ಲಿಟ್ಟಳು. ಅವನು ಎರಡೂ ಕೈಯಿಂದ ಇಸಿದುಕೊಂಡು, ಸದ್ದಾಗಬಾರದೆಂದು ಬಾಯಲ್ಲಿಟ್ಟು ನೆನೆಸಿ ನೆನೆಸಿ ತಿಂದ. ಚಟ್ನಿಯ ಖಾರ ಹತ್ತಿದಾಗ ಮಾತ್ರ ಆ ರೈಲಿನ ನಿಯಮ ಮುರಿಯಿತು.

ಕ್ಯೋಟೊ, ಚಪ್ಪಲಿಗಳ ಊರು

ನಮ್ಮಲ್ಲಿ ಚಪ್ಪಲಿ ಬಿಡುವ ಜಾಗ ಒಂದೇ, ಹೊಸ್ತಿಲ ಹೊರಗೆ. ಅಲ್ಲಿ ಹೊರಗಿನದು ಬಿಟ್ಟು ಒಳಗಿನದು ಹಾಕಬೇಕು, ಚಾಪೆಯ ಮೇಲೆ ಅದನ್ನೂ ಬಿಡಬೇಕು, ಪಾಯಖಾನೆಗೆ ಮತ್ತೆ ಬೇರೆಯದೇ ಜೋಡು. ನಾನು ಪಾಯಖಾನೆಯ ಜೋಡಿನಲ್ಲೇ ಊಟದ ಕೋಣೆಗೆ ಹೋಗಿ, ಮೇಳದ ಹಿರಿಯರಿಗೆ ಬಗ್ಗಿ ನಮಸ್ಕಾರ ಮಾಡಿದೆ. ಅವರು ನನ್ನ ಕಾಲು ನೋಡಿದರು, ಏನೂ ಹೇಳದೆ ಇನ್ನೂ ಆಳವಾಗಿ ಬಗ್ಗಿದರು. ಅವರು ಬಗ್ಗಿದರೆಂದು ನಾನು ಬಗ್ಗಿದೆ, ನಾನು ಬಗ್ಗಿದೆನೆಂದು ಅವರು. ಮಗ್ಗದ ಕುಣಿಯಲ್ಲಿ ಇಷ್ಟು ವರ್ಷ ಕೂತ ನನ್ನ ಸೊಂಟ ಅಲ್ಲೇ ಹಿಡಿಯಿತು.

"ಬಿಡಸವಾ ಅವ್ರನ್ನ, ಇಲ್ಲಂದ್ರ ಸಂಜಿತನಾ ಬಗ್ಗತಾರ" ಎಂದು ಶಂಕ್ರವ್ವ ವಿಜಯಾಗೆ ಹೇಳಿದಳು. ಇಬ್ಬರೂ ಬಾಯಿಗೆ ಸೆರಗು, ಕರವಸ್ತ್ರ ಹಿಡಿದು ನಕ್ಕರು. ಅವಳು ಹಾಗೆ ನಕ್ಕದ್ದು ನೋಡಿ ಸೊಂಟದ ನೋವು ನನಗೆ ಅಷ್ಟಾಗಿ ಹತ್ತಲಿಲ್ಲ.

ಆ ಹಿರಿಯರು ನಮಗಾಗಿ ಸಿದ್ಧಪಡಿಸಿದ್ದ ಮರದ ಚೌಕಟ್ಟು ತೋರಿಸಿದರು. ಒಂದು ಕಡೆ ಒಡಲಿನ ಹಾಸು, ಇನ್ನೊಂದು ಕಡೆ ಸೆರಗಿನ ಹಾಸು, ನಡುವೆ ಕೊಂಡಿಗೆ ಜಾಗ. ಚೌಕಟ್ಟಿನ ಎದುರಿಗೆ ಎರಡು ದಿಂಬು ಇಟ್ಟಿದ್ದರು. ಶಂಕ್ರವ್ವ ಒಂದು ದಿಂಬನ್ನು ಎತ್ತಿ ಗೋಡೆಯ ಹತ್ತಿರ ಇಟ್ಟುಬಂದಳು.

ಉಗುರಿನಿಂದ ನೇಯುವ ಅಜ್ಜಿಯ ಮನೆ

ಮೇಳದ ಹಿಂದಿನ ದಿನ ನಮ್ಮನ್ನು ಒಬ್ಬ ಅಜ್ಜಿಯ ಮನೆಗೆ ಕರೆದೊಯ್ದರು. ಅಜ್ಜಿ ತನ್ನ ಉಗುರಿನ ತುದಿಯನ್ನು ಕಾನಸಿನಿಂದ ತಿಕ್ಕಿ ಗರಗಸದ ಹಲ್ಲಿನಂತೆ ಮಾಡಿಕೊಂಡಿದ್ದಾಳೆ. ಆ ಹಲ್ಲಿನಿಂದಲೇ ಎಳೆ ಎಳೆದು ಕೂಡಿಸಿ ಚಿತ್ತಾರ ನೇಯುತ್ತಾಳೆ. ಶಂಕ್ರವ್ವ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು. ಕೈ ಮಾತ್ರ ಹಿಂದೆ ಕಟ್ಟಿಕೊಂಡಿದ್ದಳು.

ಚಹಾ ಬಂತು. ಅದರ ಜೊತೆಗೆ ಅಜ್ಜಿ ದೊಡ್ಡದೊಂದು ಹಣ್ಣು ಸುಲಿದು ತೊಳೆ ತೊಳೆ ಬಿಡಿಸಿಟ್ಟಳು. ನಮ್ಮ ಚಕ್ಕೋತದ ಹಣ್ಣಿನ ತಂಗಿಯಂತಿತ್ತು. ಶಂಕ್ರವ್ವ ಎರಡೂ ಕೈ ಎತ್ತಿ ರೋಣದ ದನಿಯಲ್ಲಿ ಕೂಗಿದಳು:

"ಬ್ಯಾಡ್ರಿ ಅವ್ವಾ, ಬ್ಯಾಡ! ಡಾಕ್ಟರ್ ಬ್ಯಾಡಂದಾರ!"

ಅಜ್ಜಿ ಹೆದರಿ ತಟ್ಟೆ ಹಿಂದಕ್ಕೆ ಎಳೆದುಕೊಂಡು ಬಗ್ಗಿದಳು. ಶಂಕ್ರವ್ವನೂ ಬಗ್ಗಿದಳು. ಮತ್ತೆ ಅದೇ ಸುರುವಾಗುತ್ತದೆಂದು ನಾನು ಸೊಂಟ ಹಿಡಿದುಕೊಂಡೆ.

"ಏನಾತ್ರಿ ಕಾಕು?" ಎಂದಳು ವಿಜಯಾ.

"ನಾ ಕ್ಯಾನ್ಸರಿನ ಗುಳಿಗಿ ತಗೋತೀನವಾ. ಅದರ ಜೋಡಿ ಚಕ್ಕೋತ ತಿನಬಾರದಂತ. ನನಗ ಎರಡು ಬಂದ್ ಮಾಡ್ಯಾರ. ಒಂದು ಚಕ್ಕೋತ, ಇನ್ನೊಂದು ಕೈನೇಸ."

ವಿಜಯಾ ಮೊದಲ ಅರ್ಧವನ್ನು ಅಜ್ಜಿಗೆ ಹೇಳಿದಳು. ಎರಡನೆಯ ಅರ್ಧಕ್ಕೆ ಬಂದು ನಿಂತುಬಿಟ್ಟಳು.

"ಕೈನೇಸ ಬಂದ್ ಅಂದ್ರ ಏನ್ ತಿಳಕೊಂಡೀರಿ ಕಾಕು?"

"ತಿಳಕೊಳ್ಳೂದೇನೈತಿ? ಕೈಲೆ ನೇಯೂದು. ಡಾಕ್ಟರು ಕುಂದ್ರಿಸಿ ಹೇಳಿದ್ರು. ನಿಮ್ಮ ಕೈನೇಸ ಕೆಟ್ಟೈತಿ, ನಿಲ್ಲದಂಗ ನಡದೈತಿ, ಅದರಿಂದನ ಈ ಗಂಟು ಬಂದೈತಿ, ಅದನ್ನ ಬಂದ್ ಮಾಡಬೇಕು ಅಂದ್ರು. ಖರೇನ ಐತಿ. ನಾ ನಿಲ್ಲದಂಗ ನೇಯತಿದ್ದೆ. ಅವತ್ತಿಗೇ ಬಿಟ್ಟೆ."

ಎರಡು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ. ತನ್ನ ರೋಗವನ್ನು ತಾನೇ ನೇಯ್ದುಕೊಂಡೆ ಎಂದು ಅವಳು ತಿಳಿದಿದ್ದಳು. ಒಬ್ಬರಿಗೂ ಹೇಳದೆ, ಗುಳಿಗೆಯ ಹಾಗೆ ಅದನ್ನೂ ದಿನಾ ನುಂಗುತ್ತಿದ್ದಳು. ನನಗೆ ಅಳು ಬಂತು, ಬೇರೆಯವರ ಮನೆ ಎಂದು ಹಣ್ಣಿನ ತಟ್ಟೆ ನೋಡುತ್ತ ಕೂತೆ.

ವಿಜಯಾ ಅವಳ ಹತ್ತಿರ ಸರಿದು ಕೂತಳು. "ಕಾಕು, ಕೈನೇಸ್ ಅಂದ್ರ ಕೈನೂ ಅಲ್ಲ, ನೇಯ್ಗಿನೂ ಅಲ್ಲ. ಅದು ಇಂಗ್ಲಿಷ್ ಹೆಸರು. ಮೈಯಾಗಿನ ಒಂದು ನಮೂನಿ ಪ್ರೋಟೀನು. ನಾ ಇಲ್ಲಿ ದಿನಾ ಅದನ್ನ ನೋಡ್ಕೋತ ಕುಂದ್ರತೀನಿ."

"ಪ್ರೋಟೀನು ಬ್ಯಾಳಿಯಾಗ ಇರತೈತಲ್ಲ?" ಎಂದೆ ನಾನು, ಏನಾದರೂ ಹೇಳಬೇಕಲ್ಲ ಎಂದು.

"ಅದರ ಬಳಗ ಅನ್ರಿ ಕಾಕಾ. ಈಗ ನೋಡ್ರಿ ಕಾಕು, ಶ್ರಾವಣದಾಗ ಅರಿಶಿಣ ಕುಂಕುಮಕ್ಕ ಕರಿಯಾಕ ಒಬ್ಬಾಕಿ ಬರತಾಳಲ್ರಿ? ಹಣಿಗೆ ಕುಂಕುಮ ಹಚ್ಚಿ, ಏಳ್ರಿ, ಬರ್ರಿ ಅಂತಾಳ. ಕೈನೇಸಿನ ಕೆಲಸ ಅದ. ಜೀವಕಣದೊಳಗ ಇನ್ನೊಂದು ಪ್ರೋಟೀನಿಗೆ ಕುಂಕುಮ ಹಚ್ಚಿ ಎಬ್ಬಸತೈತಿ. ಅದು ಮತ್ತೊಂದನ್ನ ಎಬ್ಬಸತೈತಿ. ಬೆಳಿ, ಎರಡಾಗು ಅನ್ನೂ ಸುದ್ದಿ ಹಂಗ ಮುಟ್ಟತೈತಿ. ಕರದಾದ ಮ್ಯಾಲೆ ಆಕಿ ಮನಿಗೆ ಹೋಗಿ ಮಲಗಬೇಕು. ನಿಮ್ಮ ಬಿಳಿಕಣದಾಗ ಆಕಿ ಮಲಗಲಿಲ್ಲ. ಹಬ್ಬ ಇರಲಿ ಬಿಡಲಿ, ಹಚ್ಕೋತ ಹೊಂಟಳು. ಕಣ ಎರಡಾತು, ನಾಕಾತು, ಸಾಯಬೇಕಾದ್ದು ಸಾಯಲಿಲ್ಲ. ಗಂಟಾತು."

"ನಮ್ಮ ರೋಣದ ಅತ್ತಿಯವ್ರಂಗ" ಎಂದೆ. ಶಂಕ್ರವ್ವ ನನ್ನ ಕಡೆ ನೋಡಿದ ನೋಟಕ್ಕೆ ಜಪಾನಿ ಅಜ್ಜಿಗೂ ಭಾಷಾಂತರ ಬೇಕಾಗಲಿಲ್ಲ.

"ಯಾಕ ಮಲಗಲಿಲ್ಲ ಆಕಿ?" ಎಂದು ಶಂಕ್ರವ್ವ ಕೇಳಿದಳು.

"ಕಣದೊಳಗ ಉದ್ದನ್ನ ಎಳಿ ಇರತಾವ್ರಿ. ಯಾವ ಪ್ರೋಟೀನು ಹ್ಯಾಂಗ ಮಾಡಬೇಕು ಅನ್ನೂದೆಲ್ಲ ಅದರಾಗ ಐತಿ. ನಿಮ್ಮ ಒಂದು ಕಣದಾಗ ಎಳಿ ಎರಡು ಕಡೆ ಹರೀತು. ತಿರುಗಿ ಕೂಡೂ ಮುಂದ ಇದರ ತುದಿ ಅದಕ್ಕ ಹೋಗಿ ಕೂಡತು. ಅದಕ್ಕ ಅರ್ಧ ಒಂದು ಪ್ರೋಟೀನು, ಅರ್ಧ ಇನ್ನೊಂದು, ಎರಡೂ ಸೇರಿ ಒಂದು ಹುಟ್ಟಿತು. ಕೈನೇಸಿನ ಭಾಗ ಐತಲ್ರಿ, ಅದಕ್ಕ ಅಂಟಿದ ಇನ್ನೊಂದು ಭಾಗ ಅದನ್ನ ಮಲಗಾಕ ಬಿಡೂದಿಲ್ಲ."

ಶಂಕ್ರವ್ವನ ಬೆರಳುಗಳು ಮಡಿಲಲ್ಲಿ ಏನನ್ನೋ ತೂರಿಸಿ ಎಳೆಯುತ್ತಿದ್ದವು, ಅದು ಅವಳಿಗೆ ಗೊತ್ತಿರಲಿಲ್ಲ.

"ಒಡಲು ಒಂದು ಸೀರಿದು, ಸೆರಗು ಇನ್ನೊಂದು ಸೀರಿದು" ಎಂದಳು. "ಕೊಂಡಿ ತಪ್ಪೈತಿ."

"ಅಷ್ಟ ನೋಡ್ರಿ."

"ಯಾರು ಹಾಕಿದ್ರು ಆ ಕೊಂಡಿ?"

"ಯಾರೂ ಹಾಕಿಲ್ರಿ. ಹುಟ್ಟಿನಿಂದ ಬಂದದ್ದೂ ಅಲ್ಲ. ಎಂದೋ ತಾನ ಹರದು ತಾನ ಕೂಡೇತಿ. ನೀವು ನೇಯ್ದದ್ದಕ್ಕ ಬಂದದ್ದಲ್ಲ."

"ಅಂದ್ರ ನನ್ನ ಕೈಲೆ ಆದದ್ದಲ್ಲ?"

"ಅಲ್ರಿ ಕಾಕು. ನಿಮ್ಮ ಕೈದು ಏನೂ ತಪ್ಪಿಲ್ಲ."

ಶಂಕ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಮತ್ತ ಈ ಗುಳಿಗಿ ಏನು ಮಾಡತೈತಿ?" ಎಂದಳು.

"ಆಕಿ ಕೈಯಾಗಿನ ಕುಂಕುಮದ ಬಟ್ಟಲದಾಗ ಹೋಗಿ ತಾನ ಕುಂತಬಿಡತೈತಿ. ಕುಂಕುಮಕ್ಕ ಜಾಗಾನ ಇಲ್ಲಂದ್ರ ಆಕಿ ಏನ್ ಹಚ್ಚತಾಳು? ಆದ್ರ ಗುಳಿಗಿ ಎದ್ದು ಹೋದ್ರ ಬಟ್ಟಲಾ ಮತ್ತ ತುಂಬತೈತಿ. ಅದಕ್ಕ ಎರಡು ಹೊತ್ತೂ ತಪ್ಪದಂಗ ತಗೋಬೇಕು. ಡಾಕ್ಟರು ಬಂದ್ ಮಾಡಬೇಕು ಅಂದದ್ದು ಆ ಕೈನೇಸನ್ನ, ನಿಮ್ಮ ನೇಯ್ಗೀನಲ್ಲ."

ಶಂಕ್ರವ್ವ ನನ್ನ ಕಡೆ ತಿರುಗಿದಳು. "ನಿಮಗ ಗೊತ್ತಿತ್ತೇನ್ರಿ ಇದು?"

"ನನಗ ಔಷಧದ ಪಾಳಿ ಗೊತ್ತು" ಎಂದೆ.

ಇಷ್ಟು ಹೊತ್ತೂ ಅಜ್ಜಿ ಹಣ್ಣಿನ ತಟ್ಟೆ ಹಿಡಿದೇ ಕಾಯುತ್ತಿದ್ದಳು. ವಿಜಯಾ ಎಲ್ಲವನ್ನೂ ಅವಳ ಭಾಷೆಯಲ್ಲಿ ಹೇಳಿದಳು. ಅಜ್ಜಿ ತಟ್ಟೆ ಬದಿಗಿಟ್ಟು ಶಂಕ್ರವ್ವನ ಕೈ ಹಿಡಿದು, ಬೆರಳ ತುದಿಗಳನ್ನು ತನ್ನ ಹೆಬ್ಬೆರಳಿನಿಂದ ಒತ್ತಿ ನೋಡಿ ಏನೋ ಅಂದಳು.

"ಮೆತ್ತಗಾಗ್ಯಾವ ಅಂತಾರ" ಎಂದಳು ವಿಜಯಾ.

ಶಂಕ್ರವ್ವ ಕೈ ಎಳೆದುಕೊಂಡು ಸೆರಗಿನೊಳಗೆ ಬಚ್ಚಿಟ್ಟಳು. ತಿರುಗಿ ಬರುವಾಗ ರೈಲಿನಲ್ಲಿ ಒಂದು ಮಾತೂ ಆಡಲಿಲ್ಲ, ರೊಟ್ಟಿಯನ್ನೂ ಮುರಿಯಲಿಲ್ಲ. ಆ ಊರಿನ ಜನ ಅಂದು ನಮ್ಮನ್ನು ಬಹಳ ಸಭ್ಯರೆಂದು ತಿಳಿದಿರಬೇಕು. ನನಗೆ ಮಾತ್ರ ಅವಳ ಮೌನ ಹಿಡಿಸಲಿಲ್ಲ. ತಿಳಿದದ್ದು ತಲೆಗೆ ಹೋಗಿದೆ, ಕೈಗೆ ಇಳಿಯುತ್ತದೆಯೋ ಇಲ್ಲವೋ ಎಂಬ ಹೆದರಿಕೆ ನನ್ನದು.

ಮೇಳ

ಮರುದಿನ ಚೌಕಟ್ಟಿನ ಎದುರಿಗೆ ನಾನೊಬ್ಬನೇ ಕೂತೆ. ಶಂಕ್ರವ್ವ ಮುಂದಿನ ಸಾಲಿನಲ್ಲಿ ಕೂತು ಕೈ ಕಟ್ಟಿಕೊಂಡಳು. ಸುತ್ತ ಜನ, ಕೆಮ್ಮಿದರೂ ಕ್ಷಮೆ ಕೇಳುವ ಜನ. ಆ ಮೌನದಲ್ಲಿ ನನ್ನ ಬೆರಳುಗಳೇ ನನಗೆ ಒನಕೆಯಂತೆ ಕಂಡವು. ಒಡಲಿನ ಕೊಂಡಿ ಹಿಡಿದೆ, ಸೆರಗಿನ ಕೊಂಡಿ ತೂರಿಸಿದೆ, ಜಾರಿತು. ಮತ್ತೊಂದು ಹಿಡಿದೆ, ಅದರ ಪಕ್ಕದ್ದು ಬಂತು, ಎರಡನ್ನೂ ಸೇರಿಸಿ ಹೇಗೋ ಗಂಟು ಹಾಕಿದೆ. ಜನ ಗೌರವದಿಂದ ತಲೆ ಆಡಿಸಿದರು. ಜಾರುವುದೂ ನಮ್ಮ ಪದ್ಧತಿಯೇ ಇರಬೇಕು ಎಂದುಕೊಂಡರೋ ಏನೋ. ಮುಂದೆ ಕೂತ ಒಬ್ಬರು ಅದರ ಫೋಟೋ ಕೂಡ ತೆಗೆದುಕೊಂಡರು.

ಮೂರನೆಯದು ಮತ್ತೆ ಜಾರಿದಾಗ ಹಿಂದಿನಿಂದ ದಿಂಬು ಎಳೆದ ಸದ್ದು ಕೇಳಿತು.

"ಸರೀರಿ ಅತ್ತಾಗ."

ಸರಿದೆ. ಅವಳು ಕೂತಳು. ನಾನು ಹಾಕಿದ್ದನ್ನೆಲ್ಲ ಬಿಚ್ಚಿದಳು. "ಇದು ಕೊಂಡಿನೋ, ಎಮ್ಮಿ ಕಟ್ಟೂ ಹಗ್ಗದ ಗಂಟೋ?" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ವಿಜಯಾ ಅದನ್ನು ಭಾಷಾಂತರಿಸಲಿಲ್ಲ. ಅವಳಿಗೆ ದೇವರು ಒಳ್ಳೆಯದು ಮಾಡಲಿ.

ಶಂಕ್ರವ್ವ ಮೊದಲ ಎಳೆ ಹಿಡಿದು ಬಿಟ್ಟಳು. ಬೆರಳ ತುದಿ ಸೀರೆಗೆ ಒರೆಸಿಕೊಂಡು ಮತ್ತೆ ಹಿಡಿದಳು. ಆಮೇಲೆ ಒಡಲಿನ ಕೊಂಡಿ, ಸೆರಗಿನ ಕೊಂಡಿ, ಒಳಗೆ ಹೊರಗೆ, ಎಳೆತ. ಮೊದಲಿನ ವೇಗ ಇರಲಿಲ್ಲ. ಆದರೆ ಒಂದೂ ಜಾರಲಿಲ್ಲ. ನನ್ನ ಎದೆ ಎಷ್ಟು ಹಗುರಾಯಿತೆಂದರೆ, ಎದ್ದು ಎಲ್ಲರಿಗೂ ಬಗ್ಗಬೇಕೆನ್ನಿಸಿತು. ಸೊಂಟ ಬಿಡಲಿಲ್ಲ.

ಉಗುರಿನ ಅಜ್ಜಿ ಎದ್ದು ಏನೋ ಕೇಳಿದಳು. ವಿಜಯಾ ಹೇಳಿದಳು: "ಇಷ್ಟೊಂದು ಎಳಿ ಅದಾವ. ಒಂದು ತಪ್ಪಿ ಬ್ಯಾರೆದಕ್ಕ ಕೂಡಿದ್ರ ನಿಮಗ ಹ್ಯಾಂಗ ಗೊತ್ತಾಗತೈತಿ ಅಂತ ಕೇಳತಾರ್ರಿ."

ಶಂಕ್ರವ್ವ ಎಳೆಯಿಂದ ಕಣ್ಣು ತೆಗೆಯಲಿಲ್ಲ. "ತಪ್ಪು ಕೊಂಡಿ ಹ್ಯಾಂಗಿರತೈತಿ ನನಗ ಚಲೋ ಗೊತ್ತೈತಿ ಅನ್ನವಾ. ಒಂದನ್ನ ಮೈಯಾಗ ಇಟಗೊಂಡ ಅಡ್ಡಾಡಾಕತ್ತೀನಿ."

ವಿಜಯಾಗೆ ಅದನ್ನು ಹೇಳಲು ತುಸು ಹೊತ್ತು ಹಿಡಿಯಿತು. ಅವಳು ಹೇಳಿ ಮುಗಿಸಿದಾಗ ಅಜ್ಜಿ ಬಗ್ಗಿದಳು, ನಾನು ಆ ಊರಿನಲ್ಲಿ ನೋಡಿದ ಎಲ್ಲರಿಗಿಂತ ಆಳವಾಗಿ.

ಅಷ್ಟರಲ್ಲಿ ಸಂಜೆಯ ಗುಳಿಗೆಯ ಹೊತ್ತಾಗಿತ್ತು. ನಾನು ನೀರಿನ ಬಾಟಲಿ ಮುಂದೆ ಹಿಡಿದೆ. ಶಂಕ್ರವ್ವ ಸೆರಗಿನ ಗಂಟಿನಿಂದ ಗುಳಿಗೆ ಬಿಚ್ಚಿ, ಎಡಗೈಯಲ್ಲಿ ಎಳೆ ಹಿಡಿದುಕೊಂಡೇ ನುಂಗಿದಳು. ಆ ಕೈನೇಸು ನಿಂತಿರಲಿ ಎನ್ನುತ್ತ ಬಾಟಲಿ ನನಗೆ ತಿರುಗಿ ಕೊಟ್ಟು, ಈ ಕೈನೇಸು ಮುಂದುವರಿಸಿದಳು.

ಮತ್ತೆ ಗಜೇಂದ್ರಗಡ

ಹುಬ್ಬಳ್ಳಿಯ ಡಾಕ್ಟರರಿಗೆ ಈ ಕಥೆ ಹೇಳಿದಾಗ ಅವರು ಮೊದಲು ನಕ್ಕರು, ಆಮೇಲೆ ಪೆನ್ನು ಕೆಳಗಿಟ್ಟು, ಇನ್ನು ಮುಂದೆ ನೀವೂ ಒಳಗೆ ಬನ್ನಿ ಎಂದು ನನಗೆ ಹೇಳಿದರು. ಈಗ ನಾನೂ ಕೋಣೆಯೊಳಗೆ ಕೂಡುತ್ತೇನೆ. ಸದ್ಯಕ್ಕೆ ಗಂಟು ಇಲ್ಲ, ಗುಳಿಗೆ ಬಿಡುವ ಹಾಗೂ ಇಲ್ಲ ಎಂದಿದ್ದಾರೆ. ಎಷ್ಟು ದಿನ ಎಂದು ಅವರೂ ಹೇಳಲಿಲ್ಲ, ನಾವೂ ಒತ್ತಿ ಕೇಳಲಿಲ್ಲ.

ನಿನ್ನೆ ಸಂತೆಯಲ್ಲಿ ರಾಜೂರಿನ ಗೆಳೆಯನೊಬ್ಬ ಸಿಕ್ಕಿದ್ದ. "ಅಷ್ಟು ದೂರ ಜಪಾನಕ್ಕ ಹೋಗಿದ್ದೆಲ್ಲಪಾ, ಏನು ನೋಡಿದಿ?" ಎಂದು ಕೇಳಿದ.

"ಶಂಕ್ರವ್ವ ಮಗ್ಗದ ಮುಂದ ಕುಂತದ್ದು ನೋಡಿದೆ" ಎಂದೆ.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅದನ್ನ ನೋಡಾಕ ಅಲ್ಲಿಗೆ ಹೋಗಬೇಕಾಗಿತ್ತೇನಲೇ?"

"ಹೋಗಬೇಕಾಗಿತ್ತು" ಎಂದು ಹೇಳಿ ಲಗೂ ಮನೆಗೆ ಬಂದೆ. ಚಹಾಪುಡಿ ತರಲೆಂದು ನನ್ನನ್ನು ಮಗ್ಗದಿಂದ ಎಬ್ಬಿಸಿ ಸಂತೆಗೆ ಕಳಿಸಿದವಳು ಅಷ್ಟು ಹೊತ್ತಿಗೆ ನನ್ನ ಜಾಗದಲ್ಲಿ ಕೂತಿದ್ದಳು.